ಕೆನಾಲ್ ನೀರಿಗೊಂದು ದಾರಿ, ಬೋರ್ ನೀರಿಗೊಂದು ದಾರಿ: ಕಡಿಮೆ ಖರ್ಚಿನಲ್ಲಿ ಕುಡಿಯುವ ನೀರು

ರಾಯಚೂರು, ಕೊಪ್ಪಳ ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ವರ್ಷವಿಡೀ ಒಂದೇ ನೀರು ಕುಡಿಯುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಕಾರಟಗಿ, ಸಿಂಧನೂರು, ಮಾನ್ವಿ ಕಡೆ ಕೆನಾಲ್ ನೀರು. ಕಾಲುವೆ ಬಂದ್ ಆದ ಮೇಲೆ ಮೊದಲೇ ತುಂಬಿಸಿಟ್ಟ ಕೆರೆ ನೀರು. ಕೆರೆಯ ತಳ ಕಂಡಾಗ ಬೋರ್ ನೀರು. ಐದು ರೂಪಾಯಿ ನಾಣ್ಯ ಹಾಕಿದರೆ ಶುದ್ಧ ನೀರಿನ ಘಟಕದ ಕ್ಯಾನ್. ಕುಷ್ಟಗಿ, ಯಲಬುರ್ಗಾ ಕಡೆಯ ಅನೇಕ ಊರುಗಳಿಗೆ ಬಹಳ ವರ್ಷ ಬೋರ್ ನೀರೇ ಗತಿಯಾಗಿತ್ತು.

"ಯಾವ ಫಿಲ್ಟರ್ ತಗೊಂಡ್ರೆ ಒಳ್ಳೇದು?" ಎಂದು ಜನ ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ನಮ್ಮ ನೀರಿನಲ್ಲಿ ಕೆಟ್ಟಿರುವುದು ಏನು? ರಾಡಿಯೋ, ರೋಗಾಣುವೋ, ಫ್ಲೋರೈಡೋ, ಉಪ್ಪೋ? ಒಂದಕ್ಕೆ ಹಿಡಿಸುವ ಔಷಧಿ ಇನ್ನೊಂದಕ್ಕೆ ಹಿಡಿಸುವುದಿಲ್ಲ. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿಯಾಗುತ್ತದೆ. ಮಕ್ಕಳಿಗೆ ಒಳ್ಳೆಯದಾಗಲಿ ಎಂದು ಬೋರ್ ನೀರನ್ನು ಅರ್ಧ ಗಂಟೆ ಕುದಿಸುವ ತಾಯಂದಿರಿದ್ದಾರೆ. ಸೌದೆ ಖರ್ಚು, ಮೇಲೆ ಕೇಡು. ಹಾಗಾಗಿ ಈ ಲೇಖನ ಪರೀಕ್ಷೆಯಿಂದಲೇ ಶುರುವಾಗುತ್ತದೆ.

ಮೊದಲು ಪರೀಕ್ಷೆ

ಕಣ್ಣಿಗೆ ತಿಳಿಯಾಗಿ ಕಂಡ ನೀರು ಒಳ್ಳೆಯದು ಅನ್ನುವಂತಿಲ್ಲ. ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಎಷ್ಟೋ ಸಲ ಬಾಯಿಗೆ ಸಿಹಿ ಅನ್ನಿಸುವ ಬೋರ್ ನೀರಿನಲ್ಲೇ ಅದು ಇರುತ್ತದೆ.

2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಎಂಬ ಹೆಸರಿನಲ್ಲಿ ನಡೆದಿದೆ. ಅದರ ಪ್ರಕಾರ ಪ್ರತಿ ಊರಿನಲ್ಲಿ ಐದು ಜನ ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕು, ಪಂಚಾಯಿತಿಗೆ ಪರೀಕ್ಷೆಯ ಕಿಟ್ ಕೊಡಬೇಕು. ನಿಮ್ಮ ಪಂಚಾಯಿತಿಯ ಕಿಟ್ ಎಲ್ಲಿದೆ ಎಂದು ಪಿಡಿಒ ಅವರನ್ನು ಕೇಳಿ. ಬೀರುವಿನಲ್ಲಿ ಸೀಲ್ ಒಡೆಯದೆ ಕೂತಿದ್ದರೆ ಹೊರಗೆ ತೆಗೆಸಿ. ಔಷಧಿಯ ಬಾಟಲಿಗಳ ಅವಧಿ ಮುಗಿದಿದೆಯೇ ನೋಡಿಕೊಳ್ಳಿ, ಮುಗಿದಿದ್ದರೆ ಫಲಿತಾಂಶ ನಂಬಬೇಡಿ.

ಕಿಟ್‌ನಲ್ಲಿ ಅಂದಾಜು ಸಿಗುತ್ತದೆ. ಖಚಿತ ಅಂಕಿ ಬೇಕೆಂದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕೊಡಬೇಕು. ಒಂದು ಲೀಟರಿನ ಶುಭ್ರ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ. ಬೋರಿಂಗ್ (ಕೈಪಂಪ್) ಆದರೆ ಐದು ನಿಮಿಷ ಹೊಡೆದು ಹಳೆ ನೀರು ಹೋಗಲು ಬಿಡಿ. ಆಮೇಲೆ ತುಂಬಿ, ಊರು, ಜಾಗ, ತಾರೀಖು ಬರೆದು ಅಂಟಿಸಿ. ರೋಗಾಣು ಪರೀಕ್ಷೆಗೆ ಈ ಬಾಟಲಿ ನಡೆಯುವುದಿಲ್ಲ. ಅದಕ್ಕೆ ಪ್ರಯೋಗಾಲಯದವರೇ ಕೊಡುವ ಕ್ರಿಮಿಶುದ್ಧ ಬಾಟಲಿ ಬೇಕು, ತಣ್ಣಗೆ ಇಟ್ಟು 24 ಗಂಟೆಯೊಳಗೆ ತಲುಪಿಸಬೇಕು.

ಪರೀಕ್ಷೆಯ ಫಲಿತಾಂಶದ ಚೀಟಿ ಬಂದ ಮೇಲೆ ಎಲ್ಲ ಸಾಲನ್ನೂ ಓದಬೇಕಿಲ್ಲ, ಮುಖ್ಯವಾದವನ್ನು ನೋಡಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಫ್ಲೋರೈಡ್ 1 ಮಿ.ಗ್ರಾಂ ಒಳಗೆ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ನೈಟ್ರೇಟ್ 45 ಮೀರಬಾರದು. ಕರಗಿದ ಲವಣ, ಅಂದರೆ ಟಿಡಿಎಸ್, 500ರ ಒಳಗೆ ಇದ್ದರೆ ಒಳ್ಳೆಯದು, 2000 ಕಡೆಯ ಮಿತಿ. ಆರ್ಸೆನಿಕ್ 0.01 ಮೀರಬಾರದು. ಇ-ಕೋಲಿ, ಅಂದರೆ ನೀರಿಗೆ ಮಲ ಸೇರಿದೆ ಎಂದು ತೋರಿಸುವ ಬ್ಯಾಕ್ಟೀರಿಯಾ, ಇರಲೇಬಾರದು.

ಆರ್ಸೆನಿಕ್ ಮಾತು ಲಿಂಗಸುಗೂರು ಕಡೆಯವರಿಗೆ ಮುಖ್ಯ. ಹಟ್ಟಿ ಚಿನ್ನದ ಗಣಿಯ ಸುತ್ತಲಿನ ಬಂಡೆಗಳಲ್ಲಿ ಚಿನ್ನದ ಜೊತೆ ಆರ್ಸೆನಿಕ್ ಇರುವ ಖನಿಜವೂ ಇದೆ. ಆ ಭಾಗದ ಕೆಲವು ಬೋರ್‌ಗಳ ನೀರಿನಲ್ಲಿ ಅದು ಮಿತಿ ಮೀರಿ ಸಿಕ್ಕಿದೆ. ಇದಕ್ಕೆ ಮನೆಮದ್ದು ಇಲ್ಲ. ಚೀಟಿಯಲ್ಲಿ ಜಾಸ್ತಿ ಬಂದರೆ ಆ ಬೋರ್ ನೀರನ್ನು ಕುಡಿಯಲು, ಅಡುಗೆಗೆ ಬಳಸುವುದನ್ನು ಅವತ್ತೇ ನಿಲ್ಲಿಸಿ.

ಪೇಟೆಯಲ್ಲಿ ಸಿಗುವ ಪೆನ್ನಿನಂಥ ಟಿಡಿಎಸ್ ಮೀಟರ್ ನೋಡಿ ನೀರಿನ ಗುಣ ತೀರ್ಮಾನಿಸಬೇಡಿ. ಅದು ಲವಣದ ಅಂಕಿ ಮಾತ್ರ ಹೇಳುತ್ತದೆ. ವಾಂತಿ-ಭೇದಿ ತರುವ ನೀರಿಗೂ ಆ ಮೀಟರ್ ಒಳ್ಳೆ ಅಂಕಿ ತೋರಿಸಬಹುದು.

ರಾಡಿ ನೀರು ತಿಳಿ ಮಾಡುವುದು

ಕಾಲುವೆ, ಕೆರೆ ನೀರಿಗೆ ಕೆಲಸದ ಕ್ರಮ ಹೀಗಿದೆ: ಮೊದಲು ತಿಳಿ ಮಾಡಬೇಕು, ಆಮೇಲೆ ಸೋಸಬೇಕು, ಆಮೇಲೆ ಕ್ಲೋರಿನ್, ಕೊನೆಗೆ ಮುಚ್ಚಿಡಬೇಕು. ಈ ಕ್ರಮ ತಪ್ಪಬಾರದು. ರಾಡಿ ನೀರಿಗೆ ನೇರವಾಗಿ ಕ್ಲೋರಿನ್ ಹಾಕಿದರೆ ಅರ್ಧ ಕ್ಲೋರಿನ್ ಮಣ್ಣಿಗೇ ಖರ್ಚಾಗುತ್ತದೆ. ಮಣ್ಣಿನ ಕಣದ ಮರೆಯಲ್ಲಿ ರೋಗಾಣು ಬದುಕಿಕೊಳ್ಳುತ್ತದೆ.

ರಾತ್ರಿ ತುಂಬಿಟ್ಟು ಬೆಳಿಗ್ಗೆ ಮೇಲಿನ ನೀರನ್ನು ಬಗ್ಗಿಸಿಕೊಂಡರೆ ಅರ್ಧ ಕೆಲಸ ಆದಂತೆ. ಮೊದಲ ಸಲ ಕಾಲುವೆಗೆ ನೀರು ಬಿಟ್ಟಾಗ ಬರುವ ಕೆಂಪು ನೀರು ಇಷ್ಟಕ್ಕೆ ಬಗ್ಗುವುದಿಲ್ಲ, ಪಟಿಕ ಬೇಕು. ಕಿರಾಣಿ ಅಂಗಡಿಯಲ್ಲಿ ಸಿಗುವ ಆಲಂ ಅದೇ. 20 ಲೀಟರಿಗೆ ಸಣ್ಣ ಕಡಲೆಕಾಳಿನಷ್ಟು ಪುಡಿಯನ್ನು ಒಂದು ಲೋಟ ನೀರಿನಲ್ಲಿ ಕರಗಿಸಿ ಹಾಕಿ. ಒಂದು ನಿಮಿಷ ಜೋರಾಗಿ ತಿರುವಿ, ಆಮೇಲೆ ಐದು ನಿಮಿಷ ನಿಧಾನಕ್ಕೆ ತಿರುವಿ. ಹತ್ತಿ ಎಳೆಯಂಥ ಗಂಟುಗಳು ಕಟ್ಟುವುದು ಕಾಣುತ್ತದೆ. ಒಂದು ಗಂಟೆ ಅಲುಗಾಡಿಸದೆ ಬಿಟ್ಟು ಮೇಲಿನ ನೀರು ಬಗ್ಗಿಸಿ. ಜಾಸ್ತಿ ಪಟಿಕ ಹಾಕಿದರೆ ಜಾಸ್ತಿ ತಿಳಿಯಾಗುತ್ತದೆ ಎಂದಿಲ್ಲ. ನೀರು ಒಗರಾಗುತ್ತದೆ, ಬೇಡದ ಅಲ್ಯೂಮಿನಿಯಂ ಉಳಿಯುತ್ತದೆ.

ಪಟಿಕ ಇಲ್ಲದಿದ್ದರೆ ಒಣಗಿದ ನುಗ್ಗೆ ಬೀಜವೂ ಇದೇ ಕೆಲಸ ಮಾಡುತ್ತದೆ. ಸಿಪ್ಪೆ ತೆಗೆದು ನುಣ್ಣಗೆ ಕುಟ್ಟಿ, ಲೀಟರಿಗೆ ಒಂದು ಬೀಜದ ಲೆಕ್ಕದಲ್ಲಿ ಹಾಕಿ, ಹಾಗೆಯೇ ತಿರುವಿ. ಆದರೆ ಬೀಜದ ಅಂಶ ನೀರಿನಲ್ಲಿ ಉಳಿದು ಕೊಳೆಯುತ್ತದೆ, ಆ ನೀರನ್ನು ಅವತ್ತೇ ಮುಗಿಸಬೇಕು.

ಸೀರೆ ಬಟ್ಟೆಯನ್ನು ಸಣ್ಣದೆಂದು ಬಿಡಬೇಡಿ

ನಾರುಹುಣ್ಣಿನ ಹೆಸರು ಹೇಳಿದರೆ ಹಿರಿಯರಿಗೆ ಗೊತ್ತಾಗುತ್ತದೆ. ಕಾಲಿನಿಂದ ದಾರದಂಥ ಹುಳ ಹೊರಬರುತ್ತಿತ್ತು, ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುತ್ತಿದ್ದರು. ಮೆಟ್ಟಿಲು ಬಾವಿಗಳ ನೀರಿನಲ್ಲಿದ್ದ ಕಣ್ಣಿಗೆ ಸರಿಯಾಗಿ ಕಾಣದ ಸಣ್ಣ ಜೀವಿಯೊಳಗೆ ಅದರ ಮರಿ ಇರುತ್ತಿತ್ತು. ಕರ್ನಾಟಕವೂ ಆ ರೋಗ ಇದ್ದ ರಾಜ್ಯಗಳಲ್ಲಿ ಒಂದು. ಅದಕ್ಕೆ ಲಸಿಕೆ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸುವುದು, ಜನ ಇಳಿಯದಂತೆ ಬಾವಿ ಕಟ್ಟುವುದು, ಬೋರಿಂಗ್ ಹಾಕುವುದು, ಇವೇ ಮುಖ್ಯ ಅಸ್ತ್ರ. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ಭಾರತವನ್ನು ನಾರುಹುಣ್ಣು ಮುಕ್ತ ದೇಶ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಬಾಂಗ್ಲಾದೇಶದಲ್ಲಿ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಜೊತೆಯವರು ಹಳ್ಳಿಯ ಹೆಂಗಸರಿಗೆ ಸೀರೆ ಮಡಚಿ ನೀರು ಸೋಸಲು ಕಲಿಸಿದರು. ಆ ಊರುಗಳಲ್ಲಿ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತು ಎಂದು 2003ರಲ್ಲಿ ವರದಿ ಮಾಡಿದರು. ಕಾಲರಾ ಬ್ಯಾಕ್ಟೀರಿಯಾ ಬಟ್ಟೆಯ ತೂತಿಗಿಂತ ಬಹಳ ಸಣ್ಣದು. ಆದರೆ ಅದು ನೀರಿನ ಸಣ್ಣ ಜೀವಿಗಳಿಗೆ ಅಂಟಿಕೊಂಡಿರುತ್ತದೆ, ಆ ಜೀವಿಗಳು ಬಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತವೆ.

ಹಳೆಯ ಕಾಟನ್ ಸೀರೆಯೇ ಆಗಬೇಕು. ಒಗೆದು ಒಗೆದು ನೂಲು ಉಬ್ಬಿ ತೂತು ಕಿರಿದಾಗಿರುತ್ತವೆ. ನಾಲ್ಕು ಸಲ ಮಡಚಿ, ಕೊಡದ ಬಾಯಿಗೆ ಬಿಗಿಯಾಗಿ ಕಟ್ಟಿ. ಒಂದು ಮೂಲೆಗೆ ಬಣ್ಣದ ದಾರದ ಹೊಲಿಗೆ ಹಾಕಿಕೊಳ್ಳಿ, ಪ್ರತಿ ಸಲ ಅದೇ ಮಗ್ಗುಲು ಮೇಲೆ ಬರಲಿ. ಇಲ್ಲದಿದ್ದರೆ ನಿನ್ನೆಯ ಹೊಲಸು ಇವತ್ತಿನ ಕೊಡಕ್ಕೆ ಇಳಿಯುತ್ತದೆ. ಸೋಸಿದ ಮೇಲೆ ಬಟ್ಟೆ ತೊಳೆದು ಬಿಸಿಲಿಗೆ ಹಾಕಿ. ಇಷ್ಟಾದರೂ ಇದು ಅರ್ಧ ದಾರಿ. ಕ್ಲೋರಿನ್ ಬೇಕೇ ಬೇಕು.

ಕ್ಲೋರಿನ್: ಒಂದು ಸಿರಿಂಜ್, ಒಂದು ಬಾಟಲಿ

ಖರ್ಚು ಮತ್ತು ಲಾಭ ಎರಡೂ ನೋಡಿದರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಕಾಯಿಸಿದ ನೀರು ಆರಿದ ಮೇಲೆ ಯಾರೋ ಕೈ ಅದ್ದಿದರೆ ಮತ್ತೆ ಕೆಟ್ಟಿತು. ಕ್ಲೋರಿನ್ ನೀರಿನಲ್ಲೇ ಉಳಿದು ಕಾವಲು ಕಾಯುತ್ತದೆ. ಆಶಾ ಕಾರ್ಯಕರ್ತೆಯರ ಹತ್ತಿರ ಕ್ಲೋರಿನ್ ಮಾತ್ರೆ ಸಿಕ್ಕರೆ ಅದೇ ಸುಲಭ, ಎಷ್ಟು ನೀರಿಗೆ ಎಷ್ಟು ಎಂದು ಪಟ್ಟಿಯ ಮೇಲೇ ಬರೆದಿರುತ್ತದೆ. ಸಿಗದಿದ್ದರೆ ಬ್ಲೀಚಿಂಗ್ ಪೌಡರ್‌ನಿಂದ ಹೀಗೆ ಮಾಡಿಕೊಳ್ಳಿ.

1. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 10 ಗ್ರಾಂ ಪೌಡರ್ ತೂಗಿಸಿ. ಬೇರೇನೂ ಬೆರೆಸದ ಬ್ಲೀಚಿಂಗ್ ಪೌಡರ್ ಆಗಿರಬೇಕು, ಸುವಾಸನೆ ಬೆರೆಸಿದ್ದು ಬೇಡ.

2. ಪ್ಲಾಸ್ಟಿಕ್ ಇಲ್ಲವೇ ಗಾಜಿನ ಪಾತ್ರೆಯಲ್ಲಿ ಸ್ವಲ್ಪ ನೀರು ಹಾಕಿ ಪೇಸ್ಟ್ ಮಾಡಿ. ಆಮೇಲೆ ಒಟ್ಟು ಕಾಲು ಲೀಟರ್ ಆಗುವಷ್ಟು ನೀರು ಸೇರಿಸಿ ಕಲಕಿ. ಕೆಲಸ ಬಯಲಿನಲ್ಲಿ ಮಾಡಿ, ಮುಖ ಹತ್ತಿರ ತರಬೇಡಿ.

3. ಹತ್ತು ನಿಮಿಷ ಬಿಡಿ. ಸುಣ್ಣದಂಥ ಗಸಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಬಣ್ಣದ ಬಾಟಲಿಗೆ ಬಗ್ಗಿಸಿ, ಗಸಿ ಬಿಸಾಡಿ.

4. ಮೆಡಿಕಲ್ ಅಂಗಡಿಯಿಂದ 5 ಮಿ.ಲೀ. ಸಿರಿಂಜ್ ತಂದು ಸೂಜಿ ತೆಗೆದುಹಾಕಿ. 20 ಲೀಟರ್ ತಿಳಿ ನೀರಿಗೆ 4 ಮಿ.ಲೀ. ಹಾಕಿ. ಸ್ವಲ್ಪ ಮಬ್ಬು ಇದ್ದರೆ 8 ಮಿ.ಲೀ.

5. ಕಲಕಿ, ಮುಚ್ಚಿ, ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ಅರ್ಧ ಗಂಟೆಯ ನಂತರ ಕ್ಲೋರಿನ್ ವಾಸನೆ ಸ್ವಲ್ಪ ಬರಬೇಕು. ಬರದಿದ್ದರೆ ಮತ್ತೆ 2 ಮಿ.ಲೀ. ಹಾಕಿ ಅರ್ಧ ಗಂಟೆ ಕಾಯಿರಿ. ಮೂಗಿಗೆ ಹೊಡೆಯುವಷ್ಟು ಬಂದರೆ ಮುಂದಿನ ಸಲ ಕಡಿಮೆ ಮಾಡಿ. ವಾಸನೆ ಆಗದವರು ಕುಡಿಯುವ ನೀರನ್ನು ಒಂದು ತಂಬಿಗೆಗೆ ತೆಗೆದು ಸ್ವಲ್ಪ ಹೊತ್ತು ಬಾಯಿ ತೆರೆದಿಟ್ಟರೆ ಸಾಕು. ಇಡೀ ಕೊಡವನ್ನು ತೆರೆದಿಡಬೇಡಿ.

ಈ ಲೆಕ್ಕ ಪೌಡರ್‌ನಲ್ಲಿ ನೂರಕ್ಕೆ 25 ಭಾಗ ಕ್ಲೋರಿನ್ ಇದೆ ಎಂದು ಹಿಡಿದು ಮಾಡಿದ್ದು. ತಾಜಾ ಪೌಡರ್‌ನಲ್ಲಿ 33ರವರೆಗೂ ಇರುತ್ತದೆ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ ಬಾಯಿ ತೆರೆದ ಚೀಲ ಪಂಪ್‌ಹೌಸ್‌ನಲ್ಲಿ ಬಿದ್ದಿದ್ದರೆ ಕೆಲವೇ ವಾರಗಳಲ್ಲಿ ಕ್ಲೋರಿನ್ ಹಾರಿಹೋಗಿ ಬರೀ ಸುಣ್ಣ ಉಳಿಯುತ್ತದೆ. ಗಂಟು ಕಟ್ಟಿದ, ವಾಸನೆ ಸತ್ತ ಪೌಡರ್ ಬಳಸಬೇಡಿ. ಮನೆಯಲ್ಲಿ ಮಾಡಿದ ದ್ರಾವಣ ನೆರಳಿನಲ್ಲಿಟ್ಟರೂ ಹದಿನೈದು ದಿನಕ್ಕಿಂತ ಹೆಚ್ಚು ಇಡಬೇಡಿ. ಸ್ವಸಹಾಯ ಸಂಘದವರು ಒಬ್ಬರ ಮನೆಯಲ್ಲಿ ಲೀಟರ್ ದ್ರಾವಣಕ್ಕೆ 40 ಗ್ರಾಂ ಲೆಕ್ಕದಲ್ಲಿ ಮಾಡಿ ಹಂಚಿಕೊಂಡರೆ ಎಲ್ಲರಿಗೂ ತಾಜಾ ಸಿಗುತ್ತದೆ. ಬಾಟಲಿಯ ಮೇಲೆ 'ಕುಡಿಯಬಾರದು' ಎಂದು ಬರೆದು ಮಕ್ಕಳಿಗೆ ಎಟುಕದಂತೆ ಇಡಿ. ಪಾಯಿಖಾನೆ ತೊಳೆಯುವ ಆಸಿಡ್ ಜೊತೆ ಯಾವತ್ತೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ಊರ ಟ್ಯಾಂಕ್, ಊರ ಬಾವಿ

ಟ್ಯಾಂಕಿಗೆ ಸಾವಿರ ಲೀಟರಿಗೆ 4 ಗ್ರಾಂ ಪೌಡರ್‌ನಿಂದ ಶುರು ಮಾಡಬಹುದು. 50 ಸಾವಿರ ಲೀಟರಿನ ಟ್ಯಾಂಕಿಗೆ 200 ಗ್ರಾಂ ಆಯಿತು. ಬಕೆಟ್‌ನಲ್ಲಿ ಕರಗಿಸಿ, ಗಸಿ ಕೂತ ಮೇಲೆ ತಿಳಿಯನ್ನು ಮಾತ್ರ ಹಾಕಬೇಕು. ಒಂದು ಬಕೆಟ್‌ಗೆ 100 ಗ್ರಾಂ ಮೀರಬಾರದು.

ತೆರೆದ ಬಾವಿಯ ನೀರಿನ ಅಳತೆಗೆ ಸುಲಭ ಲೆಕ್ಕ ಇದೆ. ಬಾವಿಯ ಅಗಲವನ್ನು ಅಡಿಯಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 22ರಿಂದ ಗುಣಿಸಿ. ಲೀಟರ್ ಸಿಗುತ್ತದೆ. 10 ಅಡಿ ಅಗಲ, 7 ಅಡಿ ನೀರು ಇದ್ದರೆ 15,400 ಲೀಟರ್, ಪೌಡರ್ ಸುಮಾರು 60 ಗ್ರಾಂ. ಪೌಡರ್ ಕರಗಿಸಿದ ತಿಳಿಯ ಬಕೆಟ್ಟನ್ನು ಹಗ್ಗಕ್ಕೆ ಕಟ್ಟಿ ನೀರೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ರಾತ್ರಿ ಹಾಕಿದರೆ ಬೆಳಿಗ್ಗೆಗೆ ನೀರು ಸಿದ್ಧ.

ಟ್ಯಾಂಕಿಗೆ ಎಷ್ಟು ಹಾಕಿದೆವು ಅನ್ನುವುದಕ್ಕಿಂತ ಕೊನೆಯ ಮನೆಯ ನಲ್ಲಿಗೆ ಎಷ್ಟು ಬಂತು ಅನ್ನುವುದು ಮುಖ್ಯ. ಅಲ್ಲಿ ಲೀಟರಿಗೆ 0.2 ಮಿ.ಗ್ರಾಂ ಆದರೂ ಉಳಿದಿರಬೇಕು. ಕ್ಲೋರೋಸ್ಕೋಪ್ ಎಂಬ ಸಣ್ಣ ಡಬ್ಬಿಯಲ್ಲಿ ನೀರು ತುಂಬಿ ಒಟಿ (ಆರ್ಥೋಟಾಲಿಡಿನ್) ದ್ರಾವಣದ ಹನಿ ಹಾಕಿದರೆ ಹಳದಿ ಬಣ್ಣ ಬರುತ್ತದೆ, ಪಕ್ಕದ ಬಣ್ಣಗಳಿಗೆ ಹೋಲಿಸಿ ಅಂಕಿ ಓದಬಹುದು. ಬಣ್ಣವೇ ಬರದಿದ್ದರೆ ದಾರಿಯಲ್ಲಿ ಎಲ್ಲೋ ಪೈಪ್ ಒಡೆದು ಹೊಲಸು ಸೇರುತ್ತಿದೆ ಎಂದು ಅನುಮಾನಿಸಿ.

ಇಲ್ಲಿ ನಲ್ಲಿ ಗುಂಡಿಯ ಮಾತು ಹೇಳಲೇಬೇಕು. ನೀರಿನ ಒತ್ತಡ ಸಾಲದು ಎಂದು ಮನೆ ಮುಂದೆ ಎರಡು ಮೂರು ಅಡಿ ಗುಂಡಿ ತೋಡಿ ಅದರೊಳಗೆ ನಲ್ಲಿ ಇಳಿಸಿಕೊಂಡಿರುತ್ತೇವೆ. ಪಕ್ಕದಲ್ಲೇ ಗಟಾರ ಹರಿಯುತ್ತಿರುತ್ತದೆ. ನೀರು ಬಿಟ್ಟಾಗ ತೊಂದರೆ ಕಾಣುವುದಿಲ್ಲ. ನೀರು ನಿಲ್ಲಿಸಿದ ಕೂಡಲೇ ಪೈಪು ಒಳಗೆ ಎಳೆದುಕೊಳ್ಳುತ್ತದೆ. ಗುಂಡಿಯಲ್ಲಿ ನಿಂತ ಹೊಲಸು ಪೈಪಿಗೆ ಹೋಗುತ್ತದೆ, ಮರುದಿನ ಅದೇ ನೀರು ಮೊದಲ ಕೊಡಕ್ಕೆ ಬೀಳುತ್ತದೆ. ಗುಂಡಿ ಮುಚ್ಚಿ ನಲ್ಲಿಯನ್ನು ನೆಲದಿಂದ ಮೇಲಕ್ಕೆ ತರಲು ಆಗದಿದ್ದರೆ, ಕನಿಷ್ಠ ನಲ್ಲಿಯ ಬಾಯಿಗೆ ಮುಚ್ಚಳ ಹಾಕಿ, ಗುಂಡಿಯ ನೀರು ದಿನಾ ಬಳಿದು ಹಾಕಿ. ಮೊದಲ ಒಂದೆರಡು ಕೊಡ ಬಟ್ಟೆ ಪಾತ್ರೆಗೆ ಬಳಸಿ. 2022ರ ಮೇ, ಜೂನ್‌ನಲ್ಲಿ ರಾಯಚೂರು ನಗರದಲ್ಲೇ ಕಲುಷಿತ ನಲ್ಲಿ ನೀರು ಕುಡಿದು ಜನ ಸತ್ತರು. ಮರುವರ್ಷ ಕೊಪ್ಪಳ ಜಿಲ್ಲೆಯ ಬಸರಿಹಾಳದಲ್ಲಿ ವಾಂತಿ-ಭೇದಿಯ ಸಾವು ವರದಿಯಾಯಿತು. ಸರಬರಾಜು ಇದೆ ಅಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರಲು ಆಗುವುದಿಲ್ಲ, ಅಲ್ವಾ?

ಉಸುಕಿನ ಫಿಲ್ಟರ್

ಕೆರೆ ನೀರನ್ನೇ ತಿಂಗಳುಗಟ್ಟಲೆ ಕುಡಿಯುವ ಮನೆ, ಅಂಗನವಾಡಿ, ಶಾಲೆಗೆ ಇದು ಬಹಳ ಒಳ್ಳೆಯದು. ಕರೆಂಟ್ ಬೇಡ, ಕ್ಯಾಂಡಲ್ ಬದಲಿಸುವ ಖರ್ಚಿಲ್ಲ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಡೇವಿಡ್ ಮ್ಯಾನ್ಜ್ 1990ರ ದಶಕದಲ್ಲಿ ಮನೆ ಮಟ್ಟಕ್ಕೆ ಇಳಿಸಿದ ವಿನ್ಯಾಸ ಇದು. ಉಸುಕಿನ ಮೇಲ್ಪದರದಲ್ಲಿ ಒಳ್ಳೆಯ ಸೂಕ್ಷ್ಮಜೀವಿಗಳ ತೆಳು ಪೊರೆ ಬೆಳೆಯುತ್ತದೆ. ಕೆಟ್ಟ ರೋಗಾಣುಗಳನ್ನು ಅದೇ ತಿಂದು ಹಾಕುತ್ತದೆ. ಆ ಪೊರೆಯನ್ನು ಬದುಕಿಸಿಕೊಳ್ಳುವುದೇ ಈ ಫಿಲ್ಟರಿನ ಗುಟ್ಟು.

ಸುಮಾರು 14 ಇಂಚು ಅಗಲ, ಮೂರು ಅಡಿ ಎತ್ತರದ ಪ್ಲಾಸ್ಟಿಕ್ ಡ್ರಮ್ ತನ್ನಿ. ಔಷಧಿ, ಕೆಮಿಕಲ್ ತುಂಬಿದ್ದ ಡ್ರಮ್ ಬೇಡವೇ ಬೇಡ. ತಳದಲ್ಲಿ ಅರ್ಧ ಇಂಚಿನ ಪಿವಿಸಿ ಪೈಪ್ ಕೂರಿಸಿ. ಒಳಗಿನ ತುದಿ ಮುಚ್ಚಿ, ಸಣ್ಣ ಸಣ್ಣ ಸೀಳು ಹಾಕಿ. ಹೊರಗಿನ ಪೈಪನ್ನು ಡ್ರಮ್ಮಿಗೆ ಒರಗಿಸಿ ಮೇಲಕ್ಕೆ ಒಯ್ಯಿರಿ. ಅದರ ಬಾಯಿ ಉಸುಕಿನ ಮಟ್ಟಕ್ಕಿಂತ ಸರಿಯಾಗಿ 2 ಇಂಚು ಮೇಲೆ ಇರಬೇಕು. ನೀರು ಹಾಕುವುದು ನಿಲ್ಲಿಸಿದಾಗ ಉಸುಕಿನ ಮೇಲೆ 2 ಇಂಚು ನೀರು ತಾನಾಗಿ ನಿಲ್ಲುವುದು ಈ ಎತ್ತರದಿಂದಲೇ. ಪೊರೆ ಒಣಗಬಾರದು, ಉಸಿರೂ ಕಟ್ಟಬಾರದು. ಪೈಪಿಗೆ ನಲ್ಲಿ ಹಾಕಬೇಡಿ.

ತಳಕ್ಕೆ 2 ಇಂಚು ಕಡಲೆ ಗಾತ್ರದ ಕಡಿ (ಜಲ್ಲಿ), ಅದರ ಮೇಲೆ 2 ಇಂಚು ಜೋಳದ ಕಾಳಿನಷ್ಟು ಸಣ್ಣ ಕಡಿ, ಅದರ ಮೇಲೆ 21 ಇಂಚು ಸಣ್ಣ ಉಸುಕು. ಹೊಳೆ ಉಸುಕಿನಲ್ಲಿ ಹೊಲಸು ಇರುತ್ತದೆ, ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಇದಕ್ಕೆ ಮೇಲು. 0.7 ಮಿ.ಮೀ. ಜಾಲರಿಯಲ್ಲಿ ಜರಡಿ ಹಿಡಿದು, ಕೆಳಗೆ ಬಿದ್ದದ್ದನ್ನು ತಗೊಳ್ಳಿ.

ತೊಳೆಯುವುದರಲ್ಲಿ ಕೈ ಪಳಗಬೇಕು. ಗಾಜಿನ ಲೋಟಕ್ಕೆ ಸ್ವಲ್ಪ ಉಸುಕು, ಮೇಲೆ ನೀರು ಹಾಕಿ ಗಿರ್ರನೆ ತಿರುಗಿಸಿ ನಿಲ್ಲಿಸಿ. ಮೂರು ನಾಲ್ಕು ಸೆಕೆಂಡಿನಲ್ಲಿ ಉಸುಕಿನ ಮೇಲ್ಮೈ ಕಂಡೂ ಕಾಣದಂತೆ ಮಬ್ಬಾಗಿದ್ದರೆ ಹದ ಸರಿ. ಏನೂ ಕಾಣದಿದ್ದರೆ ಇನ್ನೂ ತೊಳೆಯಬೇಕು. ನೀರು ಪೂರ್ತಿ ಸ್ವಚ್ಛ ಇದ್ದರೆ ಜಾಸ್ತಿ ತೊಳೆದಿದ್ದೀರಿ, ಬೇಕಾದ ನುಣ್ಣನೆ ಕಣವೂ ಹೋಗಿದೆ. ಉಸುಕು ತುಂಬುವಾಗ ಡ್ರಮ್ಮಿನಲ್ಲಿ ಮೊದಲೇ ನೀರು ಇರಬೇಕು, ಒಣಗಿದ್ದಾಗ ತುಂಬಿದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮೇಲೆ ತೂತು ಮಾಡಿದ ತಟ್ಟೆ ಇಟ್ಟು ಅದರ ಮೇಲೆ ನೀರು ಸುರಿಯಿರಿ. ಇಲ್ಲದಿದ್ದರೆ ಧಾರೆ ಪೊರೆಯನ್ನು ಕೊರೆದುಬಿಡುತ್ತದೆ.

ಡ್ರಮ್ ತುಂಬಿದಾಗ ಒಂದು ಲೀಟರ್ ಹೊರಬರಲು ಒಂದೂವರೆ ನಿಮಿಷವಾದರೂ ಬೇಕು. ಬೇಗ ಬಂದರೆ ಉಸುಕು ದಪ್ಪ ಆಯಿತು. ಪೊರೆ ಬೆಳೆಯಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ದಿನಾ ಅದೇ ಕೆರೆಯ ನೀರು ಹಾಕಿ, ಬಂದ ನೀರಿಗೆ ಕ್ಲೋರಿನ್ ಹಾಕಿ. ಆಮೇಲೂ ಹಾಕುವುದು ಒಳ್ಳೆಯದು. ಆದರೆ ಡ್ರಮ್ಮಿನೊಳಗೆ ಕ್ಲೋರಿನ್ ನೀರು ಸುರಿಯಬಾರದು, ಪೊರೆ ಸಾಯುತ್ತದೆ. ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬೇಡಿ, ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಹೇಳಿ ಹೋಗಿ. ಹರಿವು ತೀರಾ ಕಡಿಮೆಯಾದಾಗ ಮೇಲಿನ ನೀರನ್ನು ಕೈಯಲ್ಲಿ ಮೆಲ್ಲಗೆ ಕಲಕಿ, ರಾಡಿಯಾದ ಆ ನೀರನ್ನು ಲೋಟದಲ್ಲಿ ತೆಗೆದು ಚೆಲ್ಲಿ. ಉಸುಕು ಅಗೆಯಬೇಡಿ.

ಫ್ಲೋರೈಡ್, ಉಪ್ಪು ಇದರಲ್ಲಿ ಹೋಗುವುದಿಲ್ಲ. ಭತ್ತದ ಗದ್ದೆಗಳಿಂದ ಇಳಿದು ಬರುವ ಕೀಟನಾಶಕವನ್ನೂ ನಂಬಿಕೊಳ್ಳುವಷ್ಟು ತೆಗೆಯುವುದಿಲ್ಲ. ಗದ್ದೆಯ ಬಸಿಗಾಲುವೆ ಸೇರುವ ಜಾಗದಿಂದ ಕುಡಿಯುವ ನೀರು ಎತ್ತಬೇಡಿ.

ಬಿಸಿಲಿಗೆ ಇಡುವುದು

ಹೊಲಕ್ಕೆ, ಕೂಲಿಗೆ ಹೋಗುವವರಿಗೆ ಇದು ಖರ್ಚೇ ಇಲ್ಲದ ದಾರಿ. ಬಣ್ಣವಿಲ್ಲದ, ಗೀಚು ಬೀಳದ, ಎರಡು ಲೀಟರಿನೊಳಗಿನ ತಂಪು ಪಾನೀಯದ ಬಾಟಲಿ ತೊಳೆದು ತಿಳಿ ನೀರು ತುಂಬಿ. ಪತ್ರಿಕೆಯ ಮುಖಪುಟದ ದೊಡ್ಡ ತಲೆಬರಹದ ಮೇಲೆ ಬಾಟಲಿ ನಿಲ್ಲಿಸಿ ಬಾಯಿಯಿಂದ ಕೆಳಗೆ ನೋಡಿ. ಅಕ್ಷರ ಓದಲು ಬಂದರೆ ನೀರು ನಡೆಯುತ್ತದೆ, ಬರದಿದ್ದರೆ ಮೊದಲು ಸೋಸಿ. ತಗಡಿನ ಮೇಲೆ ಮಲಗಿಸಿ ಆರು ಗಂಟೆ ಬಿಸಿಲಿಗೆ ಬಿಡಿ. ಅರ್ಧಕ್ಕಿಂತ ಹೆಚ್ಚು ಮೋಡ ಇದ್ದರೆ ಎರಡು ದಿನ. ಜಿಟಿಜಿಟಿ ಮಳೆಯ ದಿನ ಇದನ್ನು ನೆಚ್ಚಬೇಡಿ.

ಫ್ಲೋರೈಡ್ ಇದ್ದರೆ

ಹಲ್ಲಿನ ಮೇಲೆ ಹಳದಿ, ಕಂದು ಗೆರೆ ಬಂದ ಮಕ್ಕಳು, ಸೊಂಟ, ಮೊಣಕಾಲು ಬಿಗಿದು ಬಗ್ಗಲಾರದ ಹಿರಿಯರು ಊರಿನಲ್ಲಿ ಜಾಸ್ತಿ ಇದ್ದರೆ ನೀರನ್ನು ಅನುಮಾನಿಸಿ. ನಮ್ಮ ಗ್ರಾನೈಟ್ ಬಂಡೆಗಳಲ್ಲಿ ಫ್ಲೋರೈಡ್ ಇದೆ. ನೀರು ಆಳದಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದು ಕರಗಿ ಸೇರುತ್ತದೆ. ಬೋರ್ ಆಳಕ್ಕೆ ಹೋದಂತೆ ತೊಂದರೆ ಹೆಚ್ಚುವುದು ಇದಕ್ಕೇ.

ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಸುಣ್ಣ, ಪಟಿಕ ಹಾಕಿ ಫ್ಲೋರೈಡ್ ಇಳಿಸುತ್ತಾರೆ. ಆದರೆ ಎಷ್ಟು ಪಟಿಕ ಬೇಕು ಅನ್ನುವುದು ಆಯಾ ನೀರಿನ ಗುಣದ ಮೇಲೆ ನಿಂತಿದೆ. ಪ್ರಯೋಗಾಲಯದ ಲೆಕ್ಕ ಇಲ್ಲದೆ ಮನೆಯಲ್ಲಿ ಸುಮ್ನೆ ಅಂದಾಜಿಗೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಮಳೆ ನೀರು ಹಿಡಿಯುವುದೇ ನಮಗೆ ಸರಿಯಾದ ದಾರಿ.

ಲೆಕ್ಕ ನೋಡಿ. ನಮ್ಮ ಕಡೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. 200 ಚದರ ಅಡಿ ಆರ್‌ಸಿಸಿ ಇಲ್ಲವೇ ತಗಡಿನ ಮಾಳಿಗೆಯ ಮೇಲೆ ಬೀಳುವ ನೀರು 11 ಸಾವಿರ ಲೀಟರ್. ಐದರಲ್ಲಿ ಒಂದು ಪಾಲು ಸೋರಿಹೋದರೂ ಸುಮಾರು 9 ಸಾವಿರ ಉಳಿಯಿತು. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಸಾಕು. ಹತ್ತಿರ ಹತ್ತಿರ ಒಂದು ವರ್ಷಕ್ಕೆ ಬರುತ್ತದೆ. ಅಷ್ಟು ದೊಡ್ಡ ತೊಟ್ಟಿ ಕಟ್ಟಲು ಆಗದಿದ್ದರೆ 2 ಸಾವಿರ ಲೀಟರಿನ ಟ್ಯಾಂಕ್ ಇಟ್ಟರೂ ಎರಡೂವರೆ ತಿಂಗಳು ದಾಟುತ್ತದೆ, ಮಳೆ ಬಂದಾಗೆಲ್ಲ ಮತ್ತೆ ತುಂಬುತ್ತದೆ. ಮಣ್ಣಿನ ಮಾಳಿಗೆಯ ನೀರು, ಸಿಮೆಂಟ್ ಶೀಟಿನ ನೀರು ಕುಡಿಯಲು ಬೇಡ. ಪ್ರತಿ ಮಳೆಯ ಮೊದಲ 40 ಲೀಟರ್ ಹೊರಗೆ ಬಿಡಿ, ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲೇ ಹೋಗುತ್ತದೆ. ಒಳಗೆ ಬೆಳಕು ಬೀಳದಂತೆ, ಸೊಳ್ಳೆ ಹೋಗದಂತೆ ಮುಚ್ಚಿ. ಕುಡಿಯುವ ಮುಂಚೆ ಕ್ಲೋರಿನ್ ಹಾಕಿ.

ಅದು ಆಗದವರಿಗೆ ಶುದ್ಧ ನೀರಿನ ಘಟಕ ಇದೆ. ಆರ್‌ಒ ಯಂತ್ರ ಫ್ಲೋರೈಡ್, ಆರ್ಸೆನಿಕ್, ಉಪ್ಪು ಮೂರನ್ನೂ ಇಳಿಸುತ್ತದೆ, ಯಂತ್ರದೊಳಗಿನ ಸೋಸುವ ಪೊರೆ ಸರಿಯಾಗಿದ್ದರೆ ಮಾತ್ರ. ವರ್ಷಕ್ಕೊಮ್ಮೆ ಘಟಕದಿಂದ ಹೊರಬರುವ ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸಲು ಪಂಚಾಯಿತಿಯನ್ನು ಒತ್ತಾಯಿಸಿ. ಆ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ಹೊಲಸು ಕ್ಯಾನಿಗೆ ಬಿದ್ದರೆ ಕೆಟ್ಟಿತು. ವಾರಕ್ಕೊಮ್ಮೆ ಒಂದು ಲೀಟರ್ ನೀರಿಗೆ 20 ಮಿ.ಲೀ. ಕ್ಲೋರಿನ್ ದ್ರಾವಣ ಹಾಕಿ ಕ್ಯಾನ್ ಒಳಗೆಲ್ಲ ಗಲಬರಿಸಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ.

ಒಂದು ಮಾತು ಎಲ್ಲ ಮನೆಗಳಿಗೂ. ಕುಡಿಯಲು ಕ್ಯಾನ್ ನೀರು, ಅನ್ನ, ಬೇಳೆ, ಚಹಾಕ್ಕೆ ಬೋರ್ ನೀರು ಬಳಸಿದರೆ ಲಾಭ ಅರ್ಧಕ್ಕೆ ನಿಂತಿತು. ಅಕ್ಕಿ, ಬೇಳೆ ಆ ನೀರನ್ನು ಹೀರಿಕೊಂಡೇ ಬೇಯುತ್ತವೆ. ಅಡುಗೆಗೂ ಒಳ್ಳೆಯ ನೀರೇ ಇರಲಿ. ಫ್ಲೋರೈಡ್‌ನ ಕೇಡು ತಗ್ಗಲು ಹಾಲು, ಮಜ್ಜಿಗೆ, ನುಗ್ಗೆ ಸೊಪ್ಪು, ಲಿಂಬೆ ಊಟದಲ್ಲಿ ಇರಲಿ. ಇನ್ನು ನೈಟ್ರೇಟ್ ಜಾಸ್ತಿ ಇರುವ ಬೋರ್ ನೀರನ್ನು ಆರು ತಿಂಗಳೊಳಗಿನ ಕೂಸಿಗೆ ಹಾಲಿನ ಪುಡಿ ಕಲಸಲು ಬಳಸಲೇಬಾರದು, ಕೂಸಿನ ರಕ್ತದಲ್ಲಿ ಆಮ್ಲಜನಕ ಸಾಗುವುದಕ್ಕೆ ಅದು ಅಡ್ಡಿ ಮಾಡುತ್ತದೆ.

ಮನೆಯೊಳಗೆ

ಇಷ್ಟೆಲ್ಲ ಮಾಡಿ ಕೊನೆಗೆ ಲೋಟವನ್ನು ಕೈ ಸಮೇತ ನೀರಿಗೆ ಮುಳುಗಿಸಿದರೆ ಏನು ಬಂತು? ಕಿರಿದಾದ ಬಾಯಿಯ ಪಾತ್ರೆ, ಮುಚ್ಚಳ, ಕೆಳಗೆ ನಲ್ಲಿ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು. ಗಡಿಗೆ ಇದ್ದರೆ ಉದ್ದ ಹಿಡಿಕೆಯ ಸೌಟು ಇಟ್ಟು, ಅದನ್ನು ಗೋಡೆಯ ಮೊಳೆಗೆ ನೇತು ಹಾಕಿ. ತಾಮ್ರದ ಕೊಡದಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾ ಸತ್ತವು ಎಂದು ಬೆಂಗಳೂರಿನ ಸಂಶೋಧಕರು 2012ರಲ್ಲಿ ತೋರಿಸಿದ್ದಾರೆ. ಇದ್ದರೆ ಬಳಸಿ, ಇದಕ್ಕೆಂದೇ ಸಾಲ ಮಾಡಿ ಕೊಳ್ಳುವುದು ಬೇಡ.

ಊರಿನಲ್ಲಿ ವಾಂತಿ-ಭೇದಿ ಶುರುವಾದರೆ

ಒಂದೇ ಓಣಿಯಲ್ಲಿ ಎರಡು ಮೂರು ಮನೆಗೆ ಬಂದರೆ ಕಾಯಬೇಡಿ. ರೋಗಿಗೆ ಒಂದು ಪೊಟ್ಟಣ ಓಆರ್‌ಎಸ್ ಅನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸುತ್ತಾ ಆಸ್ಪತ್ರೆಗೆ ಒಯ್ಯಿರಿ. ಆಶಾ ಕಾರ್ಯಕರ್ತೆಗೂ ಪಂಚಾಯಿತಿಗೂ ಅವತ್ತೇ ತಿಳಿಸಿ. ಆ ಓಣಿಯ ನಲ್ಲಿ ನೀರು ಕುಡಿಯುವುದು ನಿಲ್ಲಿಸಿ, ಬೇರೆ ನೀರು ಬರುವವರೆಗೆ ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ ಆರಿಸಿ ಕುಡಿಯಿರಿ. ಟ್ಯಾಂಕಿಗೆ ಬ್ಲೀಚಿಂಗ್ ಸುರಿಯಲು ನೀರಗಂಟಿ ಹೊರಟರೆ ಅದಕ್ಕೆ ಮುಂಚೆಯೇ ಟ್ಯಾಂಕ್, ನಲ್ಲಿ ಎರಡರ ನೀರಿನ ಮಾದರಿಯನ್ನೂ ಕ್ರಿಮಿಶುದ್ಧ ಬಾಟಲಿಯಲ್ಲಿ ತೆಗೆಸಿಡಿ. ಕ್ಲೋರಿನ್ ಬಿದ್ದ ಮೇಲೆ ತೆಗೆದ ಮಾದರಿಯಲ್ಲಿ ರೋಗಾಣು ಸಿಗುವುದಿಲ್ಲ, ಹೊಲಸು ಎಲ್ಲಿಂದ ಸೇರಿತು ಎಂದು ಹುಡುಕಲೂ ಆಗುವುದಿಲ್ಲ.